ಕಣ್ಣಿನ ಪೂರ್ಣ ತಪಾಸಣೆ ಮಾಡಿಸುವುದು ಹೇಗೆ: ನಂಬರ್ ಚೀಟಿಗೇ ನಿಲ್ಲಬೇಡಿ

"ಕಣ್ಣು ತೋರಿಸಿಕೊಂಡು ಬಂದಿದ್ದೇವೆ" ಎನ್ನುವವರ ಕೈಯಲ್ಲಿ ಬಹಳ ಸಲ ಇರುವುದು ಕನ್ನಡಕದ ನಂಬರ್ ಬರೆದ ಸಣ್ಣ ಚೀಟಿ ಮಾತ್ರ. ಕಣ್ಣಿನ ಒತ್ತಡ ಎಷ್ಟಿತ್ತು, ಪಾಪೆ ಹಿಗ್ಗಿಸುವ ಔಷಧ ಹಾಕಿ ಒಳಗಿನ ಪರದೆ (ರೆಟಿನಾ) ನೋಡಿದರೇ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಓದುಗರು ಮತ್ತೆ ಮತ್ತೆ ಎಡವುವುದು ಇಲ್ಲಿಯೇ. ಕೆಲವರು ಕನ್ನಡಕದ ಅಂಗಡಿಯಲ್ಲೇ ಕೆಲಸ ಮುಗಿಸುತ್ತಾರೆ. ಕೆಲವರು ಆಸ್ಪತ್ರೆಗೆ ಹೋದರೂ ಮಧ್ಯಾಹ್ನದ ಬಸ್ ತಪ್ಪೀತೆಂದು ಔಷಧ ಹಾಕಿಸಿಕೊಳ್ಳದೆ ಎದ್ದು ಬರುತ್ತಾರೆ. ಇನ್ನು ಕೆಲವರು ಒಬ್ಬರೇ ಬೈಕಿನಲ್ಲಿ ಹೋಗಿರುತ್ತಾರೆ; ಔಷಧ ಹಾಕಿದರೆ ಗಾಡಿ ಓಡಿಸುವಂತಿಲ್ಲ ಎಂದು ಅಲ್ಲಿ ತಿಳಿದಾಗ "ಇನ್ನೊಮ್ಮೆ ಬರುತ್ತೇನೆ" ಎಂದು ಹೊರಡುತ್ತಾರೆ. ಆ ಇನ್ನೊಮ್ಮೆ ಬರುವುದೇ ಇಲ್ಲ.

ನಮ್ಮ ಕಡೆ ಕಾಚಬಿಂದು ಎನ್ನುವ ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ಹೆಚ್ಚಿನವರಲ್ಲಿ ಆರಂಭದಲ್ಲಿ ನೋಯುವುದಿಲ್ಲ, ಅಕ್ಷರವನ್ನು ಮಸುಕು ಮಾಡುವುದೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಪರದೆಗೆ ಆಗುವ ಹಾನಿಯೂ ಹಾಗೆಯೇ. ಗೋಡೆಯ ಮೇಲಿನ ಕೊನೆಯ ಸಾಲನ್ನು ತಡವರಿಸದೆ ಓದಿದವರ ಕಣ್ಣಿನಲ್ಲೂ ಇವೆರಡು ಇರಬಹುದು. ಗ್ಲಾಕೋಮಾದಲ್ಲಿ ಒಮ್ಮೆ ಹೋದ ದೃಷ್ಟಿ ಯಾವ ಚಿಕಿತ್ಸೆಯಿಂದಲೂ ಮರಳುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ಗುರಿ ಒಂದೇ: ಕಣ್ಣಿನ ಒಳಭಾಗ ನೋಡಿಸಿಕೊಳ್ಳದೆ ಮನೆಗೆ ಬರಬಾರದು, ಕಂಡದ್ದೆಲ್ಲ ಕಾಗದದ ಮೇಲೆ ಇರಬೇಕು.

## ಹಂತ 1: ಮನೆಯಲ್ಲಿ ಯಾರಿಗೆ, ಯಾವಾಗ ಎಂದು ತೀರ್ಮಾನಿಸಿ

ಯಾವ ತೊಂದರೆ ಇಲ್ಲದಿದ್ದರೂ 40 ವರ್ಷ ತುಂಬಿದಾಗ ಒಂದು ಸಲ ಪೂರ್ಣ ತಪಾಸಣೆ ಆಗಲೇಬೇಕು. ಅಲ್ಲಿಂದ ಮುಂದೆ ಎರಡು ವರ್ಷಕ್ಕೊಮ್ಮೆ, 60 ದಾಟಿದ ಮೇಲೆ ವರ್ಷಕ್ಕೊಮ್ಮೆ ಎಂದು ಇಟ್ಟುಕೊಳ್ಳುವುದು ಕ್ಷೇಮ. ವೈದ್ಯರು ಬೇರೆ ಅವಧಿ ಹೇಳಿದರೆ ಅದನ್ನೇ ಅನುಸರಿಸಿ.

ಸಕ್ಕರೆ ಕಾಯಿಲೆಯವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೇ ಬಗೆಯ ಸಕ್ಕರೆ ಕಾಯಿಲೆ ಪತ್ತೆಯಾದ ಕೂಡಲೇ ಕಣ್ಣಿನ ಪರದೆಯನ್ನು ನೋಡಿಸಬೇಕು. ರಕ್ತ ಪರೀಕ್ಷೆಯಲ್ಲಿ ಅದು ಇಂದು ಕಂಡಿದ್ದರೂ ದೇಹದಲ್ಲಿ ವರ್ಷಗಳಿಂದ ಇದ್ದಿರಬಹುದು. ಆಮೇಲೆ ವರ್ಷಕ್ಕೊಮ್ಮೆ, ತಪ್ಪದೆ. ಸಕ್ಕರೆ ಹತೋಟಿಯಲ್ಲಿದೆ ಎಂಬ ಕಾರಣಕ್ಕೆ ಬಿಡುವಂತಿಲ್ಲ. ಮೊದಲೇ ಸಕ್ಕರೆ ಕಾಯಿಲೆ ಇರುವ ಗರ್ಭಿಣಿಯರಿಗೆ ಮೊದಲ ಮೂರು ತಿಂಗಳಲ್ಲಿಯೇ ತಪಾಸಣೆ ಬೇಕು.

ತಂದೆ, ತಾಯಿ, ಅಣ್ಣ, ತಮ್ಮ, ಅಕ್ಕ, ತಂಗಿ ಇವರಲ್ಲಿ ಯಾರಿಗಾದರೂ ಕಾಚಬಿಂದು ಇದ್ದರೆ ನಿಮಗೂ ಅಪಾಯ ಹೆಚ್ಚು, 40ರವರೆಗೆ ಕಾಯಬೇಡಿ. ದೊಡ್ಡ ಮೈನಸ್ ನಂಬರ್ ಇರುವವರು, ಬಹುಕಾಲ ಸ್ಟೀರಾಯ್ಡ್ ಮಾತ್ರೆ ಅಥವಾ ಹನಿ ಬಳಸಿದವರು, ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುವವರು, ಕ್ಷಯದ ಚಿಕಿತ್ಸೆಯಲ್ಲಿ ಇಥಾಂಬ್ಯುಟಾಲ್ ತೆಗೆದುಕೊಳ್ಳುವವರು ಕೂಡ ಈ ಪಟ್ಟಿಗೆ ಸೇರುತ್ತಾರೆ. ಕೊನೆಯ ಎರಡು ಔಷಧಗಳು ಕೆಲವರಲ್ಲಿ ಪರದೆಗೆ ಅಥವಾ ಕಣ್ಣಿನ ನರಕ್ಕೆ ಹಾನಿ ಮಾಡಬಲ್ಲವು. ಹಾಗೆಂದು ಹೆದರಿ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ತಪಾಸಣೆ ಮಾಡಿಸುತ್ತ ಮುಂದುವರಿಸಬೇಕು.

ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರಿಗೆ ಒಂದು ಮಾತು. ದಿನವಿಡೀ ಎಳೆಯ ಮೇಲೆ ಕಣ್ಣಿಟ್ಟು ದುಡಿಯುವವರು ಕಣ್ಣಿನ ಮಸುಕನ್ನೆಲ್ಲ ದಣಿವಿನ ಖಾತೆಗೆ ಹಾಕಿಬಿಡುತ್ತಾರೆ. ರಾತ್ರಿ ನಿದ್ದೆ ಮಾಡಿ ಎದ್ದ ಮೇಲೂ ಮಸುಕು ಹಾಗೆಯೇ ಇದ್ದರೆ ಅದು ದಣಿವಲ್ಲ.

ದಿನಾಂಕವನ್ನು ಕೆಲಸದ ಲೆಕ್ಕಕ್ಕೆ ಹೊಂದಿಸಿಕೊಳ್ಳಿ. ಬಿಳಿಜೋಳದ ರಾಶಿ ಮುಗಿದ ಮೇಲೆ, ಕಬ್ಬಿನವರಾದರೆ ಕಾರ್ಖಾನೆಯ ಹಂಗಾಮು ನಿಂತ ಮೇಲೆ ಎಂದು ವರ್ಷಕ್ಕೆ ಒಂದು ಕಾಲ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಔಷಧ ಹಾಕಿಸಿಕೊಳ್ಳುವ ಯೋಜನೆ ಮಾತ್ರ ಬೇಡ. ಇಬ್ಬರಿಗೂ ಕಣ್ಣು ಮಂಜಾದರೆ ಮನೆಗೆ ಕರೆದುಕೊಂಡು ಬರುವವರು ಯಾರು?

## ಹಂತ 2: ಸರಿಯಾದ ಜಾಗಕ್ಕೆ ಹೋಗಿ

ಕನ್ನಡಕದ ಅಂಗಡಿಯಲ್ಲಿ ಆಗುವುದು ನಂಬರ್ ಪರೀಕ್ಷೆ. ಚೆನ್ನಾಗಿ ತರಬೇತಿ ಪಡೆದವರು ಅದನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ, ಆದರೆ ಕಾಯಿಲೆ ಹುಡುಕುವುದು ಅಲ್ಲಿಯ ಕೆಲಸವಲ್ಲ. ಊರಿಗೆ ಬರುವ ಉಚಿತ ಶಿಬಿರಗಳಲ್ಲಿ ಹೆಚ್ಚಾಗಿ ಪೊರೆ ಇದ್ದವರನ್ನು ಆರಿಸಿ ಶಸ್ತ್ರಚಿಕಿತ್ಸೆಗೆ ಕಳಿಸುತ್ತಾರೆ. "ಪೊರೆ ಇಲ್ಲ" ಎಂದು ಶಿಬಿರದಲ್ಲಿ ಹೇಳಿದರೆ ಕಣ್ಣಿನಲ್ಲಿ ಬೇರೆ ಏನೂ ಇಲ್ಲ ಎಂದು ಅರ್ಥ ಮಾಡಿಕೊಳ್ಳಬಾರದು.

ನೇತ್ರ ತಜ್ಞರು ಇರುವ ಕಡೆಗೇ ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಯಾವ ದಿನ ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ; ಮೊದಲ ನೋಟ ಅಲ್ಲಿ ಆಗಿ, ಅಗತ್ಯವಿದ್ದರೆ ಮುಂದಕ್ಕೆ ಬರೆದುಕೊಡುತ್ತಾರೆ. ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಿವೆ. ಬೆಳಗಾವಿಯದು ಬಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದೆ. ಬೆಳಗಾವಿಯ ಕೆಎಲ್ಇ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇವೆಲ್ಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಇಂಥಲ್ಲಿ ಕಣ್ಣಿಗೇ ಪ್ರತ್ಯೇಕ ವಿಭಾಗ ಇರುತ್ತದೆ. ಹೊರಡುವ ಮುನ್ನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಔಷಧ ಹಾಕಿ ಪರದೆ ನೋಡುವ ಪರೀಕ್ಷೆ ಇವತ್ತೇ ಆಗುತ್ತದೆಯೇ, ಎಷ್ಟು ಗಂಟೆಯೊಳಗೆ ಬರಬೇಕು?"

## ಹಂತ 3: ಹಿಂದಿನ ದಿನವೇ ಚೀಲ ಕಟ್ಟಿಡಿ

ಈಗ ಹಾಕುತ್ತಿರುವ ಕನ್ನಡಕ, ಹಳೆಯದು ಇದ್ದರೆ ಅದೂ. "ಅದರಿಂದ ಕಾಣುವುದೇ ಇಲ್ಲ, ಏಕೆ ತರಬೇಕು" ಎಂದು ಮನೆಯಲ್ಲೇ ಬಿಟ್ಟು ಬರುವವರು ಬಹಳ. ನಂಬರ್ ಎಷ್ಟು ಬೇಗ ಬದಲಾಗಿದೆ ಎಂಬುದು ವೈದ್ಯರಿಗೆ ತಿಳಿಯುವುದು ಅದರಿಂದಲೇ. ಹಿಂದಿನ ಚೀಟಿಗಳು, ಇತ್ತೀಚಿನ ಸಕ್ಕರೆ ಮತ್ತು ಬಿ.ಪಿ. ವರದಿ, ನುಂಗುವ ಮಾತ್ರೆಗಳ ಪಟ್ಟಿ ಅಥವಾ ಖಾಲಿ ಸ್ಟ್ರಿಪ್‌ಗಳು, ಕಣ್ಣಿಗೆ ಹಾಕುವ ಹನಿಯ ಬಾಟಲಿ, ಆಧಾರ್ ಮತ್ತು ಪಡಿತರ ಚೀಟಿ ಜೊತೆಗಿರಲಿ. ಬಿಸಿಲಿಗೆ ಕಪ್ಪು ಕನ್ನಡಕ ಅಥವಾ ಅಗಲ ಟೋಪಿ ಬೇಕು. ಮಾರ್ಚ್ ದಾಟಿದ ಮೇಲೆ ವಿಜಯಪುರದ ಬಿಸಿಲಿನಲ್ಲಿ ಹಿಗ್ಗಿದ ಪಾಪೆಯೊಂದಿಗೆ ಬರಿಗಣ್ಣಿನಲ್ಲಿ ನಡೆಯುವುದು ನಿಜಕ್ಕೂ ಹಿಂಸೆ.

ಜೊತೆಗೆ ಒಬ್ಬರು ಬರಲೇಬೇಕು. ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ರಾಜ್ಯದ ಸಾಮಾನ್ಯ ಸಾರಿಗೆ ಬಸ್‌ಗಳಲ್ಲಿ ಪ್ರಯಾಣ ಉಚಿತ. ಹಾಗಾಗಿ ತಾಯಿ, ಅಕ್ಕ ಅಥವಾ ಸೊಸೆ ಜೊತೆಗೆ ಬಂದರೆ ಬಸ್ ಖರ್ಚು ಹೆಚ್ಚುವುದಿಲ್ಲ.

ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗುವುದು ಇನ್ನೊಂದು ತಪ್ಪು. ಇದು ರಕ್ತ ಪರೀಕ್ಷೆಯಲ್ಲ. ಬೆಳಗಿನ ಉಪಾಹಾರ ಮಾಡಿ, ಸಕ್ಕರೆ ಮತ್ತು ಬಿ.ಪಿ. ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಳ್ಳಿ. ಮಾತ್ರೆ ನುಂಗಿ ಊಟ ಬಿಟ್ಟು ಸರದಿಯಲ್ಲಿ ಕುಳಿತರೆ ಸಕ್ಕರೆ ಇಳಿದು ತಲೆ ಸುತ್ತುತ್ತದೆ. ಕಾಚಬಿಂದುವಿನ ಹನಿಯನ್ನೂ ಆ ದಿನ ತಪ್ಪಿಸಬಾರದು. ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳಬೇಡಿ, ಹಣೆಗೆ ಇಳಿಯುವಷ್ಟು ಎಣ್ಣೆ ಹಾಕಿಕೊಳ್ಳಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಬಳಸುವವರು ಎಷ್ಟು ಮೊದಲು ತೆಗೆಯಬೇಕೆಂದು ಫೋನಿನಲ್ಲೇ ಕೇಳಿಕೊಂಡು, ಕನ್ನಡಕ ಹಾಕಿಕೊಂಡು ಬರಬೇಕು.

## ಹಂತ 4: ಪರೀಕ್ಷೆಯ ಕ್ರಮ ತಿಳಿದಿರಲಿ

ಮೊದಲು ದೂರದ ಅಕ್ಷರ. 6 ಮೀಟರ್ ದೂರದಲ್ಲಿ ಪಟ್ಟಿ ಇರುತ್ತದೆ. ಕೋಣೆ ಚಿಕ್ಕದಾದರೆ ಕನ್ನಡಿಯಲ್ಲಿ ತೋರಿಸುತ್ತಾರೆ. ಓದಲು ಬಾರದವರಿಗೆ ಬೇರೆ ಬೇರೆ ದಿಕ್ಕಿಗೆ ತಿರುಗಿದ ಒಂದೇ ಆಕಾರದ ಪಟ್ಟಿ ಇದೆ. ಯಾವ ಕಡೆ ತೆರೆದಿದೆ ಎಂದು ಕೈಯಿಂದ ತೋರಿಸಿದರೆ ಸಾಕು, ಸಂಕೋಚ ಬೇಡ. ಚೀಟಿಯಲ್ಲಿ 6/60 ಎಂದು ಬರೆದರೆ, ಆರೋಗ್ಯವಂತ ಕಣ್ಣು 60 ಮೀಟರ್‌ನಿಂದ ಗುರುತಿಸುವುದನ್ನು ನಿಮ್ಮ ಕಣ್ಣು 6 ಮೀಟರ್‌ನಿಂದ ಮಾತ್ರ ಗುರುತಿಸುತ್ತಿದೆ ಎಂದರ್ಥ.

ಇಲ್ಲಿ ಆಗುವ ದೊಡ್ಡ ತಪ್ಪನ್ನು ರೋಗಿಯೇ ಮಾಡುತ್ತಾನೆ. ಒಂದು ಕಣ್ಣು ಮುಚ್ಚಿಕೊಳ್ಳಿ ಎಂದರೆ ಬೆರಳುಗಳ ಸಂದಿನಿಂದ ಇಣುಕುವುದು, ಕಣ್ಣು ಕಿರಿದು ಮಾಡಿ ಓದುವುದು, ಮೊದಲ ಕಣ್ಣಿನಲ್ಲಿ ಓದಿದ ಸಾಲನ್ನು ನೆನಪಿನಿಂದ ಒಪ್ಪಿಸುವುದು. ಇದು ಶಾಲೆಯ ಪರೀಕ್ಷೆಯಲ್ಲ, ಪಾಸಾಗಬೇಕಿಲ್ಲ. ಅಂಗೈಯಿಂದ ಪೂರ್ತಿ ಮುಚ್ಚಿ, ಒತ್ತಬೇಡಿ, ಕಾಣದಿದ್ದರೆ ಕಾಣುತ್ತಿಲ್ಲ ಎನ್ನಿ. ಒಂದು ಕಣ್ಣು ಪೂರ್ತಿ ಮಂದವಾಗಿದ್ದರೂ ಇನ್ನೊಂದು ಅದನ್ನು ವರ್ಷಗಟ್ಟಲೆ ಮರೆಸುತ್ತದೆ. ಎಷ್ಟೋ ಜನರಿಗೆ ಅದು ತಿಳಿಯುವುದೇ ಹೀಗೆ ಒಂದೊಂದಾಗಿ ಮುಚ್ಚಿದಾಗ.

ನಂತರ ಸಣ್ಣ ತೂತಿನ ಬಿಲ್ಲೆಯ ಮೂಲಕ ನೋಡಿಸುತ್ತಾರೆ. ತೂತಿನಿಂದ ನೋಡಿದಾಗ ಅಕ್ಷರ ತಿಳಿಯಾದರೆ ಕನ್ನಡಕದಿಂದ ಸರಿಯಾಗುವ ಸಾಧ್ಯತೆ ಹೆಚ್ಚು. ಆಗದಿದ್ದರೆ ಕಾರಣವನ್ನು ಕಣ್ಣಿನೊಳಗೆ ಹುಡುಕಬೇಕು. ಆಮೇಲೆ ನಂಬರ್ ಪರೀಕ್ಷೆ, ಪಾಪೆಗೆ ಟಾರ್ಚ್ ಬಿಟ್ಟು ನೋಡುವುದು, ಸ್ಲಿಟ್ ಲ್ಯಾಂಪ್ ಎಂಬ ಯಂತ್ರಕ್ಕೆ ಗಲ್ಲವೂರಿ ಕಣ್ಣಿನ ಮುಂಭಾಗ ಮತ್ತು ಮಸೂರ ನೋಡುವುದು.

ಒತ್ತಡ ಅಳೆಯುವುದನ್ನು ಬಿಡಬೇಡಿ. ಒಂದು ಯಂತ್ರ ಕಣ್ಣಿಗೆ ಗಾಳಿ ಊದಿ ಅಳೆಯುತ್ತದೆ. ಇನ್ನೊಂದರಲ್ಲಿ ಮರಗಟ್ಟಿಸುವ ಹನಿ ಹಾಕಿ ಕಣ್ಣಿಗೆ ಮೆಲ್ಲಗೆ ತಾಗಿಸಿ ಅಳೆಯುತ್ತಾರೆ. ನೋಯುವುದಿಲ್ಲ. ಉಸಿರು ಬಿಗಿಹಿಡಿದರೆ, ಕಣ್ಣು ಹಿಂಡಿದರೆ ಅಥವಾ ಕೊರಳಿನ ಗುಂಡಿ ಬಿಗಿಯಾಗಿದ್ದರೆ ಅಂಕಿ ತಪ್ಪಾಗಿ ಏರುತ್ತದೆ. ಸಾಮಾನ್ಯ ಮಿತಿ 10ರಿಂದ 21 (mmHg ಅಳತೆಯಲ್ಲಿ). ಆದರೆ 16 ಬಂದರೂ ಕಾಚಬಿಂದು ಇಲ್ಲವೆಂದು ಹೇಳಲಾಗದು, ಒತ್ತಡ ಮಿತಿಯೊಳಗಿದ್ದೂ ನರ ಸವೆಯುವ ಬಗೆ ಒಂದಿದೆ. ಆದ್ದರಿಂದ ಅಂಕಿಯ ಜೊತೆಗೆ ನರವನ್ನೂ ನೋಡಬೇಕು. ಹನಿ ಹಾಕಿದ್ದರೆ ಅರ್ಧ ಗಂಟೆ ಕಣ್ಣು ಉಜ್ಜಬೇಡಿ; ಗೀರಿದರೂ ಆಗ ತಿಳಿಯುವುದಿಲ್ಲ.

## ಹಂತ 5: ಪಾಪೆ ಹಿಗ್ಗಿಸುವ ಹನಿ

ಇದೇ ಇಡೀ ತಪಾಸಣೆಯ ಜೀವಾಳ. ಪಾಪೆ ಸಣ್ಣದಿದ್ದಾಗ ಪರದೆ ನೋಡುವುದು ಮುಚ್ಚಿದ ಮನೆಯನ್ನು ಬೀಗದ ತೂತಿನಿಂದ ನೋಡಿದಂತೆ: ಎದುರಿಗಿರುವುದು ಕಂಡೀತು, ಮೂಲೆಗಳು ಕಾಣವು.

ಹನಿ ಹಾಕುವ ಮುನ್ನ ನಾಲ್ಕು ಸಂಗತಿ ಹೇಳಿ: ಹೃದಯದ ಕಾಯಿಲೆ ಅಥವಾ ಹೆಚ್ಚು ಬಿ.ಪಿ. ಇದೆಯೇ, ಹಿಂದೆ ಹನಿಯಿಂದ ಅಲರ್ಜಿ ಆಗಿತ್ತೇ, ಗರ್ಭಿಣಿಯೇ, ದೀಪದ ಸುತ್ತ ಬಣ್ಣದ ಬಳೆ ಕಂಡು ಕಣ್ಣು ನೋಯುತ್ತದೆಯೇ. ಕೊನೆಯದು ಬಹಳ ಮುಖ್ಯ. ಕೆಲವರ ಕಣ್ಣಿನಲ್ಲಿ ನೀರು ಹರಿದುಹೋಗುವ ಕೋನ ಕಿರಿದಾಗಿರುತ್ತದೆ. ಅಂಥವರಿಗೆ ಹನಿ ಹಾಕಬೇಕೇ ಎಂದು ವೈದ್ಯರು ಮೊದಲು ನೋಡಿ ತೀರ್ಮಾನಿಸುತ್ತಾರೆ.

ಹನಿ ಸ್ವಲ್ಪ ಉರಿಯುತ್ತದೆ. ಪಾಪೆ ಹಿಗ್ಗಲು 20ರಿಂದ 30 ನಿಮಿಷ ಬೇಕು. ಕೆಲವೊಮ್ಮೆ ಎರಡು ಮೂರು ಬಾರಿ ಹಾಕಬೇಕಾಗುತ್ತದೆ. ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಚಹಾ ಕುಡಿಯಲು ಹೊರಗೆ ಹೋಗಿ ಸರದಿ ಕಳೆದುಕೊಳ್ಳುವವರು ಇಲ್ಲಿಯೇ ಹೆಚ್ಚು. ಹತ್ತಿರದ್ದು ಮಂಜಾಗುವುದು, ಬೆಳಕು ಚುಚ್ಚುವುದು ಸಹಜ. ಸಾಮಾನ್ಯವಾಗಿ 4ರಿಂದ 6 ಗಂಟೆಯಲ್ಲಿ ಇಳಿಯುತ್ತದೆ, ಕೆಲವರಿಗೆ ಮರುದಿನದವರೆಗೂ ಉಳಿಯಬಹುದು. ಅಷ್ಟು ಹೊತ್ತು ಬೈಕ್, ಟ್ರ್ಯಾಕ್ಟರ್ ಮುಟ್ಟಬೇಡಿ, ಮಗ್ಗದ ಮುಂದೆ ಕೂರಬೇಡಿ, ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಬ್ಯಾಂಕ್ ಕೆಲಸವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ಎಚ್ಚರಿಕೆಯ ಲಕ್ಷಣ ಒಂದಿದೆ. ಮನೆಗೆ ಬಂದ ಮೇಲೆ ಕಣ್ಣು ಕೆಂಪಾಗಿ ತೀವ್ರವಾಗಿ ನೋಯತೊಡಗಿ, ತಲೆನೋವು, ವಾಂತಿ ಬಂದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಮರಳಿ. ಇದು ಅಪರೂಪ, ಆದರೆ ಗಂಟೆಗಳ ಲೆಕ್ಕದ ತುರ್ತು.

## ಹಂತ 6: ಏಳುವ ಮುನ್ನ ಕೇಳಿ, ಬರೆಸಿಕೊಳ್ಳಿ

ಎರಡೂ ಕಣ್ಣಿನ ದೃಷ್ಟಿ, ಎರಡೂ ಕಣ್ಣಿನ ಒತ್ತಡ, ನರದ ಸ್ಥಿತಿ, ಪರದೆಯ ಸ್ಥಿತಿ, ಮುಂದಿನ ತಪಾಸಣೆಯ ತಿಂಗಳು. ಈ ಐದರಲ್ಲಿ ಯಾವುದು ಚೀಟಿಯಲ್ಲಿ ಇಲ್ಲವೋ ಅದನ್ನು ವಿನಯದಿಂದ ಕೇಳಿ. "ಸರ್, ಪರದೆ ಹೇಗಿದೆ ಎಂದು ಒಂದು ಸಾಲು ಬರೆದುಕೊಡಿ, ಸಕ್ಕರೆ ಡಾಕ್ಟರಿಗೆ ತೋರಿಸಬೇಕು" ಎಂದರೆ ಬರೆದುಕೊಡುತ್ತಾರೆ. ದೃಷ್ಟಿಕ್ಷೇತ್ರ ಪರೀಕ್ಷೆ (ಸುತ್ತಲಿನದು ಎಷ್ಟು ಕಾಣುತ್ತದೆ ಎಂದು ನೋಡುವುದು) ಅಥವಾ ಓಸಿಟಿ ಸ್ಕ್ಯಾನ್ (ಪರದೆಯ ಪದರಗಳ ಚಿತ್ರ ತೆಗೆಯುವುದು) ಬರೆದರೆ ಯಾವ ಅನುಮಾನಕ್ಕಾಗಿ ಎಂದು ತಿಳಿದುಕೊಳ್ಳಿ. ಆ ಅನುಮಾನ ಗೊತ್ತಿದ್ದರೆ ಮುಂದೂಡುವ ಮನಸ್ಸು ಬರುವುದಿಲ್ಲ.

ಪೊರೆ ಇದೆ ಎಂದರೆ "ಹಣ್ಣಾದ ಮೇಲೆ ತೆಗೆಸುತ್ತೇವೆ" ಎಂಬ ಹಳೆಯ ಲೆಕ್ಕ ಬಿಡಿ. ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಅದೇ ಸಮಯ. ತೀರಾ ಬಲಿತ ಪೊರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆಯನ್ನು ಕಷ್ಟ ಮಾಡುತ್ತದೆ, ಕೆಲವರಲ್ಲಿ ಕಣ್ಣಿನ ಒತ್ತಡವನ್ನೂ ಏರಿಸುತ್ತದೆ. ಇನ್ನೊಂದು ಸಂಗತಿ: ವರ್ಷಗಳಿಂದ ಚಾಳೀಸು ಹಾಕುತ್ತಿದ್ದ ಅಜ್ಜ ಒಮ್ಮೆಲೇ ಬರಿಗಣ್ಣಿನಲ್ಲಿ ಪತ್ರಿಕೆ ಓದತೊಡಗಿದರೆ ಮನೆಯವರು ಸಂತೋಷಪಡುತ್ತಾರೆ. ಅದು ಪೊರೆ ಬೆಳೆಯುತ್ತಿರುವ ಗುರುತಾಗಿರಬಹುದು. ಅವರನ್ನು ಕರೆದುಕೊಂಡು ಹೋಗಿ.

## ಹಂತ 7: ಕನ್ನಡಕ ಮಾಡಿಸುವಾಗ

ಸಕ್ಕರೆ ಏರಿಳಿಯುತ್ತಿರುವಾಗ ನಂಬರ್ ಕೂಡ ಬದಲಾಗುತ್ತದೆ. ಈಗಷ್ಟೇ ಚಿಕಿತ್ಸೆ ಆರಂಭಿಸಿದ್ದರೆ ಕೆಲವು ವಾರ ಸಕ್ಕರೆ ಸ್ಥಿರವಾದ ಮೇಲೆ ನಂಬರ್ ತೆಗೆಸಿ. ಇಲ್ಲವಾದರೆ ಹೊಸ ಕನ್ನಡಕಕ್ಕೆ ಕೊಟ್ಟ ಹಣ ವ್ಯರ್ಥವಾಗುತ್ತದೆ.

ಚೀಟಿಯಲ್ಲಿ ಬಲ, ಎಡ ಕಣ್ಣುಗಳ ನಂಬರ್ ಬೇರೆ ಬೇರೆ ಇರಬಹುದು. ಪ್ಲಸ್, ಮೈನಸ್ ಗುರುತು ಸ್ಪಷ್ಟವಾಗಿದೆಯೇ ನೋಡಿ. ಸಿಲಿಂಡರ್ ನಂಬರ್ ಇದ್ದರೆ ಅದರ ಮುಂದೆ 1ರಿಂದ 180ರೊಳಗಿನ ಕೋನ ಇರಲೇಬೇಕು. ಅಂಗಡಿಯಲ್ಲಿ ಎರಡು ಪಾಪೆಗಳ ನಡುವಿನ ಅಂತರವನ್ನು ಅಳೆಸಿ. ಈ ಅಳತೆ ತಪ್ಪಿದರೆ ನಂಬರ್ ಸರಿಯಿದ್ದರೂ ತಲೆನೋವು ಬರುತ್ತದೆ. ಜಾತ್ರೆ, ಸಂತೆಯಲ್ಲಿ ಸಿಗುವ ಸಿದ್ಧ ಚಾಳೀಸು ಕೆಲವರಿಗೆ ಹತ್ತಿರದ ಓದಿಗೆ ನೆರವಾಗುತ್ತದೆ, ಒಪ್ಪುತ್ತೇನೆ. ಆದರೆ ಅದು ಸಿಕ್ಕಿತೆಂದು ತಪಾಸಣೆಯನ್ನೇ ಬಿಡುವುದನ್ನು ಒಪ್ಪಲಾರೆ.

## ಹಂತ 8: ಮಕ್ಕಳ ಕ್ರಮ ಬೇರೆ

ಮಗು "ಕಾಣುತ್ತಿಲ್ಲ" ಎನ್ನುವುದಿಲ್ಲ, ಏಕೆಂದರೆ ಸರಿಯಾಗಿ ಕಾಣುವುದು ಹೇಗಿರುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ಶಾಲೆಗೆ ಸೇರಿಸುವ ಮುನ್ನ ಒಮ್ಮೆ ನೋಡಿಸಿ. ಟಿವಿಗೆ ಹತ್ತಿರ ಕೂರುವುದು, ತಲೆ ವಾರೆ ಮಾಡಿ ನೋಡುವುದು, ಹಲಗೆಯ ಮೇಲಿನದನ್ನು ಪಕ್ಕದವರ ಪಟ್ಟಿಯಿಂದ ನಕಲು ಮಾಡುವುದು ಗುರುತುಗಳು. ಮಾಲುಗಣ್ಣನ್ನು ಅದೃಷ್ಟವೆಂದು ಬಿಡುವುದು ದೊಡ್ಡ ಅನ್ಯಾಯ. ಮೆದುಳು ಆ ಕಣ್ಣಿನ ಚಿತ್ರವನ್ನು ಬಿಟ್ಟುಬಿಡುತ್ತದೆ. 7-8 ವರ್ಷದೊಳಗೆ ಚಿಕಿತ್ಸೆ ಸಿಕ್ಕರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಕಡಿಮೆ.

ಮಕ್ಕಳ ಕಣ್ಣಿನ ಸ್ನಾಯು ಬಿಗಿದು ನಂಬರ್ ತಪ್ಪು ತೋರಿಸುವುದರಿಂದ ಅವರಿಗೆ ಬೇರೆ ಹನಿ ಅಥವಾ ಮುಲಾಮು ಬರೆಯುತ್ತಾರೆ. ಅಟ್ರೋಪಿನ್ ಮುಲಾಮು ಬರೆದರೆ ಹೇಳಿದಷ್ಟು ದಿನ ಮನೆಯಲ್ಲೇ ಹಚ್ಚಿ ಕರೆತರಬೇಕು, ಅದರ ಪರಿಣಾಮ ಒಂದೆರಡು ವಾರ ಇರುತ್ತದೆ. ವಾರ್ಷಿಕ ಪರೀಕ್ಷೆಯ ಮುಂಚೆ ಬೇಡ, ರಜೆಯಲ್ಲಿ ಮಾಡಿಸಿ. ಹಚ್ಚಿದ ಮೇಲೆ ಮುಖ ಕೆಂಪೇರಿ ಜ್ವರ ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಸೋದರ ಸಂಬಂಧದಲ್ಲಿ ಮದುವೆಯಾದ ತಂದೆತಾಯಿ ಅದನ್ನು ವೈದ್ಯರಿಗೆ ಮುಚ್ಚಿಡಬಾರದು. ಇರುಳುಗಣ್ಣು ತರುವ ಕೆಲವು ಆನುವಂಶಿಕ ಪರದೆಯ ಕಾಯಿಲೆಗಳನ್ನು ಹುಡುಕಲು ಆ ಮಾಹಿತಿ ಬೇಕು.

## ತಪಾಸಣೆಯ ದಿನಕ್ಕೆ ಕಾಯಬಾರದ ಲಕ್ಷಣಗಳು

ಒಮ್ಮೆಲೇ ದೃಷ್ಟಿ ಹೋಗುವುದು, ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳ ಮಳೆ, ಒಂದು ಬದಿಯಿಂದ ತೆರೆ ಇಳಿದಂತಾಗುವುದು, ಮಗುವಿನ ಪಾಪೆ ಬೆಳ್ಳಗೆ ಕಾಣುವುದು, ಕೆಂಪು ಕಣ್ಣಿನ ಜೊತೆ ತೀವ್ರ ನೋವು. ಇವುಗಳಲ್ಲಿ ಯಾವುದಕ್ಕೂ ಅದೇ ದಿನ ಹೊರಡಬೇಕು.

ಜೋಳದ ರವದಿ, ಕಬ್ಬಿನ ಗರಿ ಕಣ್ಣಿಗೆ ತಾಗಿದರೆ ಬಹಳ ಜಾಗರೂಕರಾಗಿರಿ. ಗಿಡದ ಚೂರಿನಿಂದ ಕರಿಗುಡ್ಡೆಯ ಮೇಲೆ ಶಿಲೀಂಧ್ರದ ಹುಣ್ಣು ಬರಬಹುದು. ಅದಕ್ಕೆ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬಾರದು. ಔಷಧ ಅಂಗಡಿಯಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನ ಕೆಂಪು ಇಳಿದಂತೆ ಕಂಡು ಹುಣ್ಣು ಒಳಗೆ ಹಬ್ಬುತ್ತದೆ.

ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಸುಕಿದಾಗ ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಕಣ್ಣನ್ನು ಸುಡುತ್ತ ಹೋಗುತ್ತದೆ. ತಕ್ಷಣ ರೆಪ್ಪೆ ಬಿಡಿಸಿ, ಶುದ್ಧ ನೀರನ್ನು ಕನಿಷ್ಠ 15ರಿಂದ 30 ನಿಮಿಷ ಸುರಿಯಿರಿ, ಕಾಣುವ ಚೂರುಗಳನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ. ತೊಳೆದ ಮೇಲೆ ಆಸ್ಪತ್ರೆ. ತೊಳೆಯದೆ ಗಾಡಿ ಹತ್ತಬೇಡಿ.

## ಹಂತ 9: ಕಾಗದ ಕಾಪಾಡಿ

ಮನೆಯ ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ಕಡತ ಇಡಿ, ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಸೇರಿಸಿ. ಮೊಬೈಲಿನಲ್ಲಿ ಫೋಟೊ ತೆಗೆದು ಊರಿನಲ್ಲಿಲ್ಲದ ಮಗನಿಗೋ ಮಗಳಿಗೋ ಕಳಿಸಿಡಿ, ಕಡತ ಕಳೆದರೂ ಅದು ಉಳಿಯುತ್ತದೆ. ಮುಂದಿನ ತಪಾಸಣೆಯ ತಿಂಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಡಿಸೆಂಬರಿನಲ್ಲಿ ಹಳೆಯದನ್ನು ಇಳಿಸುವಾಗ ಆ ಗುರುತನ್ನು ಹೊಸ ಕ್ಯಾಲೆಂಡರಿಗೆ ದಾಟಿಸುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ.